ಸೆನ್ಸರ್ ಮೇಲಿನ ಕಲೆ: ಒರೆಸುವ ಮೊದಲು ಪತ್ತೆ ಮಾಡಿ

ಒಂದೇ ದಿನ ತೆಗೆದ ಹತ್ತಾರು ಚಿತ್ರಗಳಲ್ಲಿ, ಅದೂ ಆಕಾಶ ಅಥವಾ ಬಿಳಿ ಗೋಡೆ ಇರುವ ಕಡೆ, ಮಸುಕಾದ ಬೂದು ಚುಕ್ಕೆಯೊಂದು ಅದೇ ಜಾಗದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ, ಕ್ಯಾಮೆರಾದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಮೇಲೆ ದೂಳು ಕೂತಿದೆ ಎಂದೇ ತಿಳಿಯಬೇಕು. ನಿಜವಾಗಿ ದೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ತೆಳುವಾದ ಫಿಲ್ಟರ್ ಗಾಜಿನ ಮೇಲೆ. ನಮಗೆ ಕಾಣುವುದು ಅದರ ನೆರಳು. ಒರೆಸುವುದು ಗಾಜನ್ನೇ ಆದ್ದರಿಂದ ಈ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳಬಹುದು, ಆದರೆ ಆ ಗಾಜಿಗೆ ಗೀರು ಬಿದ್ದರೆ ದುರಸ್ತಿ ದುಬಾರಿಯಾಗುವುದರಿಂದ ಅವಸರ ಸಲ್ಲದು.

ಬಂಡೀಪುರ, ಕಬಿನಿಯ ಸಫಾರಿಗಳಲ್ಲಿ ಬೇಸಿಗೆಯ ದೂಳಿನ ನಡುವೆ ಜೀಪಿನಲ್ಲೇ ಲೆನ್ಸ್ ಬದಲಿಸುವವರಿಗೆ ಈ ಕಲೆಗಳು ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು. ಅಪರ್ಚರ್ ಎಂದರೆ ಲೆನ್ಸ್‌ನೊಳಗೆ ಬೆಳಕು ಹಾಯುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು. ಎಫ್ 4 ಅಥವಾ ಎಫ್ 5.6ರಂಥ ಅಗಲವಾದ ಅಪರ್ಚರ್‌ನಲ್ಲಿ ಬೆಳಕು ಹಲವು ಕೋನಗಳಿಂದ ಬಂದು ಕಣದ ನೆರಳನ್ನು ಕರಗಿಸಿಬಿಡುತ್ತದೆ. ಅದೇ ಕ್ಯಾಮೆರಾದಲ್ಲಿ ಮುಳ್ಳಯ್ಯನಗಿರಿಯ ಸಾಲುಬೆಟ್ಟಗಳನ್ನು ಕಿರಿದಾದ ಎಫ್ 16ರಲ್ಲಿ ತೆಗೆದ ದಿನ ಎಲ್ಲವೂ ಒಟ್ಟಿಗೆ ಬಯಲಾಗುತ್ತವೆ.

ಆದ್ದರಿಂದ ಮೊದಲು ಪರೀಕ್ಷೆ ಮಾಡಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 100, ಅಪರ್ಚರ್ ಎಫ್ 22 ಇಟ್ಟು, ಮ್ಯಾನುವಲ್ ಫೋಕಸ್‌ನಲ್ಲಿ ಬೇಕೆಂದೇ ಫೋಕಸ್ ತಪ್ಪಿಸಿ, ಬಿಳಿ ಗೋಡೆಯನ್ನೋ ಕಂಪ್ಯೂಟರಿನ ಖಾಲಿ ಬಿಳಿ ಪರದೆಯನ್ನೋ ಚಿತ್ರಿಸಬೇಕು. ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸಿದರೆ ಗೋಡೆಯ ಮೇಲಿನ ಕಲೆಗಳು ಕದಡಿಹೋಗಿ, ಸೆನ್ಸರ್‌ನವು ಮಾತ್ರ ಸ್ಪಷ್ಟವಾಗಿ ಉಳಿಯುತ್ತವೆ. ಲೆನ್ಸ್ ಬದಲಿಸಿದರೂ ಚುಕ್ಕೆ ಅಲ್ಲೇ ಇದ್ದರೆ ಅನುಮಾನವೇ ಬೇಡ. ವ್ಯೂಫೈಂಡರ್‌ನಲ್ಲಿ ಮಾತ್ರ ಕಂಡು ಚಿತ್ರದಲ್ಲಿ ಕಾಣದ ಕಸಕ್ಕೂ ಸೆನ್ಸರ್‌ಗೂ ಸಂಬಂಧವಿಲ್ಲ. ಸೆನ್ಸರ್ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ, ಕ್ಯಾಮೆರಾವನ್ನು ನೇರವಾಗಿ ಹಿಡಿದು ಮುಂದಿನಿಂದ ನೋಡಿದಾಗ, ಚಿತ್ರದ ಮೇಲಿನ ಎಡಮೂಲೆಯ ಕಲೆ ಸೆನ್ಸರ್‌ನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಇದನ್ನು ಮರೆತು ತಪ್ಪು ಮೂಲೆಯನ್ನು ಶ್ರದ್ಧೆಯಿಂದ ಶುಚಿಗೊಳಿಸಿದವರಲ್ಲಿ ನಾನೂ ಒಬ್ಬ.

ಕಲೆ ಖಚಿತವಾದ ಮೇಲೆ, ಕ್ಯಾಮೆರಾದಲ್ಲೇ ಇರುವ ಸ್ವಚ್ಛತಾ ವ್ಯವಸ್ಥೆಯನ್ನು ಎರಡು ಮೂರು ಬಾರಿ ಚಲಾಯಿಸಿ ನೋಡಿ. ಫಿಲ್ಟರ್ ಗಾಜನ್ನು ಅತಿವೇಗವಾಗಿ ಕಂಪಿಸಿ ದೂಳನ್ನು ಉದುರಿಸುವ ಈ ಉಪಾಯವನ್ನು 2003ರಲ್ಲಿ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ ತಂದಿತು. ಈಗ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದಿದೆ. ಆಗಲೂ ಹೋಗದಿದ್ದರೆ ರಬ್ಬರ್ ಬ್ಲೋವರ್ ಬಳಸಬೇಕು. ಕೋಣೆಯ ಫ್ಯಾನ್ ನಿಲ್ಲಿಸಿ, ಬ್ಯಾಟರಿ ಪೂರ್ತಿ ತುಂಬಿಸಿ, ಸೆನ್ಸರ್ ಮುಂದೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಆಗಿದ್ದರೆ ಮೆನುವಿನಲ್ಲಿರುವ ಸ್ವಚ್ಛತಾ ಆಯ್ಕೆಯಿಂದಲೇ ಕನ್ನಡಿಯನ್ನು ಮೇಲೆತ್ತಿಸಬೇಕು. ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡ್‌ನಲ್ಲಿ ಅದನ್ನು ತೆರೆದಿಟ್ಟು ಕೆಲಸ ಮಾಡುವುದು ಅಪಾಯ. ಬೆರಳು ಜಾರಿದರೆ ಶಟರ್ ಒಳಗಿರುವ ಸಾಧನದ ಮೇಲೇ ಮುಚ್ಚಿಕೊಳ್ಳುತ್ತದೆ. ಬ್ಲೋವರನ್ನು ಮೊದಲು ಹೊರಗೆ ನಾಲ್ಕಾರು ಸಲ ಒತ್ತಿ ಒಳಗಿನ ದೂಳನ್ನು ತೆಗೆದು, ಲೆನ್ಸ್ ಕೂರುವ ಬಾಯಿಯನ್ನು ನೆಲದ ಕಡೆಗೆ ತಿರುಗಿಸಿ, ತುದಿ ಎಲ್ಲಿಯೂ ತಾಗದಂತೆ ಗಾಳಿ ಊದಬೇಕು. ಬಾಯಿಯಿಂದ ಊದಿದರೆ ಎಂಜಲು ಸಿಡಿಯುತ್ತದೆ; ಡಬ್ಬಿಯ ಒತ್ತಡದ ಗಾಳಿಯ ಜೊತೆ ದ್ರವ ಚಿಮ್ಮಿ ಇನ್ನೊಂದು ಕಲೆಯಾಗುತ್ತದೆ. ಒಣ ದೂಳಿನ ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಉಳಿಯುವುದು ಅಂಟಿಕೊಂಡವು: ಪರಾಗ, ಒಣಗಿದ ನೀರಿನ ಹನಿ, ಶಟರ್ ಅಥವಾ ಕನ್ನಡಿಯ ಯಂತ್ರಭಾಗದಿಂದ ಸಿಡಿದ ಎಣ್ಣೆ. ಎಣ್ಣೆಯ ಕಲೆ ಸಾಮಾನ್ಯವಾಗಿ ದುಂಡಗಿದ್ದು, ಅಂಚಿನಲ್ಲಿ ತಿಳಿಯಾದ ಉಂಗುರವಿರುತ್ತದೆ. ಬ್ಲೋವರ್‌ಗೆ ಅದು ಜಗ್ಗುವುದಿಲ್ಲ. ಇದಕ್ಕೆ ಸ್ವಾಬ್ (ತುದಿಗೆ ಮೆತ್ತನೆಯ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ) ಮತ್ತು ಸೆನ್ಸರ್‌ಗೆಂದೇ ತಯಾರಿಸಿದ ದ್ರವ ಬೇಕು. ಸ್ವಾಬ್‌ನ ಅಗಲ ಸೆನ್ಸರ್‌ನ ಎತ್ತರಕ್ಕೆ ಹೊಂದಬೇಕು, 36×24 ಮಿ.ಮೀ.ನ ಫುಲ್ ಫ್ರೇಮ್ ಸೆನ್ಸರ್‌ಗೆ 24 ಮಿ.ಮೀ., ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ 16 ಮಿ.ಮೀ. ಒಂದೆರಡು ಹನಿ ಮಾತ್ರ ಹಾಕಿ, ಅದು ಬಟ್ಟೆಯಲ್ಲಿ ಹರಡಿದ ಬಳಿಕ, ಒಂದು ಅಂಚಿನಿಂದ ಇನ್ನೊಂದಕ್ಕೆ ಹಗುರವಾಗಿ, ನಡುವೆ ನಿಲ್ಲಿಸದೆ, ಒಂದೇ ಎಳೆತದಲ್ಲಿ ಒರೆಸಿ, ಸ್ವಾಬ್‌ನ ಇನ್ನೊಂದು ಮಗ್ಗುಲಿನಿಂದ ಒರೆಸುತ್ತ ಹಿಂದಿರುಗಿ, ಅದನ್ನು ಎಸೆಯಬೇಕು. ಮತ್ತೆ ಬಳಸಿದರೆ ಅದರಲ್ಲಿ ಸಿಕ್ಕಿದ ಕಣವೇ ಗೀರು ಎಳೆಯುತ್ತದೆ. ಬ್ಲೋವರ್ ಬಳಸದೆ ನೇರವಾಗಿ ಸ್ವಾಬ್‌ಗೆ ಕೈಹಾಕಬಾರದೆನ್ನುವುದೂ ಇದಕ್ಕೇ. ಸೆನ್ಸರ್ ಅಲುಗಾಡಿ ಚಿತ್ರವನ್ನು ಸ್ಥಿರಗೊಳಿಸುವ ಕ್ಯಾಮೆರಾಗಳಲ್ಲಿ ಒತ್ತಡ ಇನ್ನಷ್ಟು ಕಡಿಮೆಯಿರಲಿ.

ಒರೆಸಿದ ಪ್ರತಿ ಬಾರಿಯೂ ಎಫ್ 22ರ ಪರೀಕ್ಷೆಯನ್ನು ಮಾಡಿ. ಅಂಚಿನಲ್ಲಿ ಒಂದೆರಡು ಚುಕ್ಕೆ ಉಳಿದರೆ ನಾನು ಅಲ್ಲಿಗೇ ಬಿಡುತ್ತೇನೆ. ಎಫ್ 8ರಲ್ಲಿ ಕಾಣದ ಕಲೆಗಾಗಿ ಐದನೆಯ ಸ್ವಾಬ್ ಹಾಳುಮಾಡುವುದಕ್ಕಿಂತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಅದನ್ನು ಅಳಿಸುವುದು ಸುಲಭ. ಆದರೆ ಮೂರು ಸಲ ಒರೆಸಿದರೂ ಎಣ್ಣೆಯ ಕಲೆ ಕದಲದಿದ್ದರೆ, ಅಥವಾ ಒರೆಸಿದ ಕೆಲವೇ ದಿನಗಳಲ್ಲಿ ಅಂಥವೇ ಹೊಸದಾಗಿ ಮೂಡುತ್ತಿದ್ದರೆ, ಕ್ಯಾಮೆರಾವನ್ನು ಸೇವಾ ಕೇಂದ್ರಕ್ಕೆ ಒಯ್ಯಬೇಕು.