ಹಳೇ ಕಂಪ್ಯೂಟರ್ ಚಾಲೂ ಆಗವಲ್ದಾ? ಮೊದಲು ರಬ್ಬರ್ ಹುಡುಕಿ

‘ಸರ್ರ, ಕಂಪ್ಯೂಟರ್ ಚಾಲೂ ಆಗವಲ್ದು. ಫ್ಯಾನ್ ತಿರಗತದ, ಸ್ಕ್ರೀನ್ ಮ್ಯಾಲ ಮಾತ್ರ ಏನೂ ಬರವಲ್ದು.’

ಸಾಲಿ ಸೂಟಿ ಬಿಟ್ಟರೆ ಸಾಕು, ವಿಜಯಪುರದಲ್ಲಿ ನನಗೆ ಇಂಥ ಫೋನುಗಳು ಶುರು. ಹತ್ತು ಹನ್ನೆರಡು ವರ್ಷದ ಡೆಸ್ಕ್‌ಟಾಪ್, ಮೂಲೆಯಲ್ಲಿ ಹಳೇ ಟವೆಲ್ ಹೊದ್ದು ಕೂತದ್ದು. ನಾನು ಹೋಗುವುದರೊಳಗೆ ಮನೆಯವರೇ ಬಿಚ್ಚಿ ಏನಾದರೊಂದು ಕೆಡಿಸಿರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ಮಾಸ್ತರರು, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮಿಗೆ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿದ್ದರು. ಹೊಂಬಣ್ಣದ ಲೇಪ ಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಐದು ರೂಪಾಯಿ ರಬ್ಬರಿನಲ್ಲಿ ಮುಗಿಯುವ ಕೆಲಸ ಅದು.

ಮೊದಲು ಕರೆಂಟು. ಯುಪಿಎಸ್ ಬಿಟ್ಟು ನೇರ ಗೋಡೆ ಪ್ಲಗ್ಗಿಗೆ ಹಚ್ಚಿ, ಏಕೆಂದರೆ ಹಳೇ ಯುಪಿಎಸ್‌ ಬ್ಯಾಟರಿ ಸತ್ತಿರುವುದೇ ಹೆಚ್ಚು. ಡಬ್ಬಿಯ ಹಿಂದೆ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೊಂದು ಚಿಕ್ಕ ಸ್ವಿಚ್ ಇರುತ್ತದೆ, ಕಸ ಹೊಡೆಯುವಾಗ ಕೈ ತಾಗಿ ಅದು ಆಫ್ ಆಗಿರಬಹುದು. ಮಾನಿಟರ್ ಕೇಬಲ್ ಎರಡೂ ತುದಿ ಒತ್ತಿ ನೋಡಿ.

ಆಮೇಲೆ ಪವರ್ ಬಟನ್ ಒತ್ತಿ, ಕಿವಿಗೊಡಿ. ಫ್ಯಾನೇ ತಿರುಗದಿದ್ದರೆ ಎಸ್‌ಎಂಪಿಎಸ್ ಅಥವಾ ಬಟನ್ ಮೇಲೆ ಅನುಮಾನ. ಫ್ಯಾನ್ ತಿರುಗಿ ಸ್ಕ್ರೀನ್ ಕಪ್ಪಾಗಿಯೇ ಇದ್ದರೆ, ಅಥವಾ ಉದ್ದುದ್ದ ಬೀಪ್ ಬಿಡದೆ ಕೇಳಿದರೆ, ನಾನು ಬೇರೆ ಏನನ್ನೂ ಮುಟ್ಟುವುದಿಲ್ಲ. ಸೀದಾ ರ‍್ಯಾಮಿಗೆ ಕೈ ಹಾಕುತ್ತೇನೆ. ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿನಷ್ಟು ಸಣ್ಣದು, ಅದು ಕೂರುವ ಸಂದಿ, ಅಂದರೆ ಸ್ಲಾಟಿನೊಳಗೂ ಇಳಿಯುತ್ತದೆ.

ಜನ ಎಡವುವುದು ಇಲ್ಲಿಯೇ, ಹಾಗಾಗಿ ನಿಧಾನ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟು ಇಳಿಯಲಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿ, ಮುಂದೆ ನಿಂತವರ ಎಡಗಡೆಯ ಪತ್ರಾ ಸರಿಸಿ. ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿನ ಸ್ಥಾಯಿ ವಿದ್ಯುತ್ ಹೋಗುತ್ತದೆ. ರ‍್ಯಾಮಿನ ತುದಿಯ ಬಿಳಿ ಕ್ಲಿಪ್ಪುಗಳನ್ನು ಹೊರಗೆ ಒತ್ತಿದರೆ ಅದು ತಾನೇ ಮೇಲೇಳುತ್ತದೆ. ಅಂಚು ಹಿಡಿದು ಎತ್ತಿ, ಹೊಂಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ.

ಮಕ್ಕಳ ಕಂಪಾಸಿನಲ್ಲಿರುವ ಮೆತ್ತನೆಯ ಬಿಳಿ ರಬ್ಬರ್ ತೊಗೊಳ್ಳಿ. ಶಾಯಿ ಅಳಿಸುವ ನೀಲಿ ತುದಿಯ ರಬ್ಬರ್ ಬೇಡವೇ ಬೇಡ, ಅದರಲ್ಲಿ ಮರಳಿನ ಗುಣವಿದೆ. ಕಂಪ್ಯೂಟರಿನಿಂದ ದೂರ ಹೋಗಿ, ಪೇಪರ್ ಹಾಸಿ, ಮೇಲಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಎರಡೂ ಬದಿ. ರಬ್ಬರ್ ಪುಡಿಯನ್ನು ಒಣ ಬ್ರಶ್ಶಿನಿಂದ ಝಾಡಿಸಿ. ಎಲ್ಲ ಭಾಗ ಕೂರುವ ಬೋರ್ಡ್ (ಮದರ್‌ಬೋರ್ಡ್) ಮೇಲೇ ಹಿಡಿದು ತಿಕ್ಕಿದವರ ಸ್ಲಾಟಿನಿಂದ ನಾನು ಆ ಪುಡಿಯನ್ನು ಚಿಮಟಿಗೆಯಿಂದ ಹೆಕ್ಕಿದ್ದೇನೆ. ಸ್ಲಾಟಿಗೂ ಒಣ ಬ್ರಶ್ಶೇ. ಬಾಯಿಂದ ಊದಿದರೆ ಉಗುಳು ಹಾರುತ್ತದೆ. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಕೊಡುವ ಅಂಗಡಿಯವರಿಗೆ ಕೈ ಮುಗಿದು ಬನ್ನಿ, ಎಣ್ಣೆಗೆ ಧೂಳು ಅಂಟಿ ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಇನ್ನು ಕೂರಿಸುವುದು. ರ‍್ಯಾಮಿನ ಹೊಂಬಣ್ಣದ ಅಂಚಿನಲ್ಲಿ ಒಂದು ಕಚ್ಚು ಇದೆ, ನಡುವಿನಿಂದ ಸ್ವಲ್ಪ ಸರಿದಿರುತ್ತದೆ. ಸ್ಲಾಟಿನೊಳಗಿನ ಉಬ್ಬಿಗೆ ಅದು ಹೊಂದಿದ ಮೇಲೆಯೇ ಒತ್ತಿ. ಎರಡು ಹೆಬ್ಬೆರಳಿನಿಂದ ಒಂದೊಂದೇ ತುದಿ ಒತ್ತಬೇಕು, ಬೋರ್ಡ್ ಚೂರು ಬಾಗಿದರೆ ಹೆದರಬೇಡಿ. ಕ್ಲಿಪ್ ತಾನೇ ಏರಿ ‘ಟಕ್’ ಅನ್ನಬೇಕು. ಬಹಳ ಮಂದಿ ರ‍್ಯಾಮ್ ಅರ್ಧ ಇಳಿದಿರುವಾಗಲೇ ಕ್ಲಿಪ್ಪನ್ನು ಕೈಯಿಂದ ಎಳೆದು ಕೂರಿಸಿ, ‘ಆಯ್ತ್ ಬಿಡ್ರಿ’ ಅಂತಾರೆ. ಆಗಿರುವುದಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದನ್ನು ಬದಿಗಿಟ್ಟು, ಒಂದೊಂದೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಎರಡು ರ‍್ಯಾಮ್, ಎರಡು ಸ್ಲಾಟ್ ಅಂದರೆ ನಾಲ್ಕು ಸಲ. ಪ್ರತಿಸಲವೂ ಪ್ಲಗ್ ಕಿತ್ತೇ ಮಾಡಿ. ಒಂದೂ ರ‍್ಯಾಮ್ ಇಲ್ಲದೆ ಚಾಲೂ ಮಾಡಿದಾಗ ಬೀಪ್ ಬಂತೆಂದರೆ ಖುಷಿಪಡಿ, ಪ್ರೊಸೆಸರ್, ಬೋರ್ಡ್ ಜೀವಂತ ಇವೆ.

ಆದರೂ ಕಪ್ಪೇ? ಪ್ಲಗ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ, ಬೋರ್ಡಿನ ಸೆಟ್ಟಿಂಗ್ ಹೊಸದರಲ್ಲಿ ಇದ್ದಂತಾಗುತ್ತದೆ. ಗಡಿಯಾರ ಪ್ರತಿಸಲ ಹಳೇ ವರ್ಷಕ್ಕೆ ಹೋಗುತ್ತಿದ್ದರೆ ಅದೇ 3 ವೋಲ್ಟ್ ಸೆಲ್ ಹೊಸದು ಹಾಕಿ.

ಫ್ಯಾನೇ ತಿರುಗದವರಿಗೆ: ಎಸ್‌ಎಂಪಿಎಸ್‌ನ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಹತ್ತಿರದ 4 ಇಲ್ಲವೆ 8 ಪಿನ್ನಿನ ಚಿಕ್ಕದು, ಎರಡೂ ಸರಿಯಾಗಿ ಕೂತಿವೆಯಾ ನೋಡಿ. ಕೂತಿದ್ದೂ ಸದ್ದಿಲ್ಲವಾದರೆ ಇನ್ನೊಬ್ಬರ ಎಸ್‌ಎಂಪಿಎಸ್ ಹಚ್ಚಿ ನೋಡುವುದೇ ಖಾತ್ರಿ. ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಒಳಗೆ ಕರೆಂಟು ಹಿಡಿದಿಡುವ ಕೆಪ್ಯಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನಷ್ಟು ಉಳಿದಿರಬಹುದು. ಹೊಸದು ಕೊಳ್ಳುವಾಗ ಲೇಬಲ್ಲಿನ ‘450 ವ್ಯಾಟ್’ ನಂಬುವುದಕ್ಕಿಂತ ಕೈಯಲ್ಲಿ ಎತ್ತಿ ನೋಡಿ. ಖಾಲಿ ಡಬ್ಬಿಯಂತೆ ಹಗುರಿದ್ದರೆ ಅಲ್ಲೇ ಇಟ್ಟು ಬನ್ನಿ. ಬೋರ್ಡ್ ಮೇಲೆ ಯಾವುದಾದರೂ ಕೆಪ್ಯಾಸಿಟರ್ ತಲೆ ಉಬ್ಬಿ ಪೂರಿಯಂತಾಗಿದ್ದರೆ ಕೆಲಸ ಮನೆಯದ್ದಲ್ಲ, ರಿಪೇರಿಯವರದ್ದು.

ಸ್ಕ್ರೀನ್ ಬಂದು ‘ಬೂಟ್ ಡಿವೈಸ್ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ಮೊದಲು ಸಿಕ್ಕಿಸಿದ ಪೆನ್‌ಡ್ರೈವ್ ಕೀಳಿ, ನಂತರ ಪ್ಲಗ್ ಕಿತ್ತು ಹಾರ್ಡ್ ಡಿಸ್ಕಿನ ಕೇಬಲ್ ತೆಗೆದು ಮತ್ತೆ ಸಿಕ್ಕಿಸಿ. ಡಿಸ್ಕು ಒಳಗೇ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ಮಾತ್ರ ‘ಇನ್ನೊಂದ್ಸಲ ನೋಡೂಣು’ ಅನ್ನಬೇಡಿ. ಆ ಕ್ಷಣವೇ ಪ್ಲಗ್ ಕಿತ್ತು, ಡಿಸ್ಕನ್ನಷ್ಟೇ ಹೊರತೆಗೆದು, ಡೇಟಾ ತೆಗೆಯುವವರ ಕೈಗೆ ಕೊಡಿ. ಅಕ್ಕನ ಮದುವೆ ಫೋಟೊ ಇರುವುದು ಅದರಲ್ಲೇ.