ಟಿವಿ ಅಡ್ಡ ಮಲಗಿಸಿ 1942 ಮುಗಿಸಿದ್ದು

ಕೊನೆಗೂ 1942 ಅನ್ನುವ ಹಳೇ ವಿಮಾನ ಹೊಡೆಯುವ ಆರ್ಕೇಡ್ ಗೇಮನ್ನು ಒಂದೇ ಕಾಯಿನ್‌ನಲ್ಲಿ ಮುಗಿಸಿದೆ. ಕಂಟಿನ್ಯೂ ಇಲ್ಲ, ನಡುವೆ ಆಟ ಉಳಿಸಿಕೊಳ್ಳುವ ಸೇವ್ ಸ್ಟೇಟ್ ಇಲ್ಲ, ತಾನೇ ಗುಂಡು ಹಾರಿಸುವ ಆಟೋಫೈರ್ ಇಲ್ಲ; 32ನೇ ಹಂತದಿಂದ ಇಳಿಯುತ್ತ ಒಂದರವರೆಗೂ ಕೈಯಲ್ಲೇ. ವಿಡಿಯೊ ಇದೆ, ಅನುಮಾನ ಇದ್ದವರು ಮುಂಬೈಯ ಮುಲುಂಡ್‌ಗೆ ಬಂದು ನೋಡಬಹುದು. ಸೋತಾಗಲೆಲ್ಲ ನಾನು ಟಿವಿಯನ್ನು ದೂರುತ್ತಿದ್ದೆ; "ಮಾವ, ತಪ್ಪು ಟಿವಿಯದ್ದಲ್ಲ, ನಿಮ್ಮ ವಯಸ್ಸಿನದ್ದು" ಅಂದಿದ್ದ ಅಕ್ಕನ ಮಗ ನೋಡಿ ಆಯಿತು.

ತಪ್ಪು ಟಿವಿಯದ್ದೇ. ಎಲ್‌ಇಡಿಯಲ್ಲಿ ವರ್ಷಗಟ್ಟಲೆ ಹೆಣಗಿದ್ದೇನೆ. ಗೇಮ್ ಮೋಡ್ ಹಾಕಿದರೂ ಬಟನ್ ಒತ್ತಿದ ಮೇಲೆ ವಿಮಾನ ಯೋಚನೆ ಮಾಡಿ ಸರಿಯುತ್ತಿತ್ತು. ಬ್ಲೂಟೂತ್ ಪ್ಯಾಡ್‌ಗೆ ಸುರಿದ ಎರಡು ಸಾವಿರ ಚಿಲ್ಲರೆ ದಂಡ.

ಕುರ್ಲಾದ ಭಂಗಾರ್‌ವಾಲಾ (ಗುಜರಿಯವನ) ಹತ್ತಿರ 14 ಇಂಚಿನ ಹಳೇ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ ಸಿಕ್ಕಿತು. ಎಂಟುನೂರು ಅಂದವನು ನಾನೂರೈವತ್ತಕ್ಕೆ ಇಳಿದ. ರಿಕ್ಷಾಕ್ಕೇ ಇನ್ನೂರರ ಮೇಲಾಯಿತು. ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಮನೆಯಲ್ಲಿತ್ತು, ಆಟ ಓಡುವುದು ಅದರಲ್ಲೇ. ಜಾಯ್‌ಸ್ಟಿಕ್, ಬಟನ್, ಯುಎಸ್‌ಬಿ ಬೋರ್ಡ್ ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ, ಸುಮಾರು ಸಾವಿರದ ಇನ್ನೂರು. ಅಲ್ಲೇ ಕೊಂಡ ಮೊದಲ ವಿಡಿಯೊ ಕೇಬಲ್‌ನಲ್ಲಿ ಗ್ರೌಂಡೂ ವಿಡಿಯೊವೂ ಅದಲುಬದಲು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಮಲ್ಟಿಮೀಟರ್ ಹಿಡಿದುಕೊಂಡೇ ಹೋಗಿ ಇನ್ನೊಂದು ತಂದೆ.

ಆಟದ ಚಿತ್ರ ಅಗಲಕ್ಕಿಂತ ಎತ್ತರ, ಹಾಗಾಗಿ 1984ರ ಅಸಲಿ ಯಂತ್ರದಲ್ಲೂ ಪಿಕ್ಚರ್ ಟ್ಯೂಬನ್ನು ತಿರುಗಿಸಿಯೇ ಕೂರಿಸಿದ್ದು. ನಾನೂ ಹಾಗೇ ಟಿವಿಯನ್ನು ಪಕ್ಕಕ್ಕೆ ಮಲಗಿಸಿದೆ. ಒಂದು ಮೂಲೆ ಹಸಿರು, ಇನ್ನೊಂದು ನೇರಳೆ! ಪೆಸಿಫಿಕ್ ಸಮುದ್ರಕ್ಕೆ ಬೂಷ್ಟು ಹಿಡಿದ ಹಾಗೆ. ಟ್ಯೂಬಿನೊಳಗಿನ ಲೋಹದ ಜಾಲರಿಗೆ ಭೂಮಿಯ ಕಾಂತಶಕ್ತಿ ತಗಲುವ ದಿಕ್ಕು ಬದಲಾಯಿತಲ್ಲ, ಅದರ ಫಲ. ಡೀಗಾಸ್ ಆಗಬೇಕು, ಅಂದರೆ ಜಾಲರಿಗೆ ಅಂಟಿದ ಕಾಂತಶಕ್ತಿ ಅಳಿಸಬೇಕು, ಆದರೆ ರಿಮೋಟ್‌ನಲ್ಲಿ ಆರಿಸಿದರೆ ಆಗುವುದಿಲ್ಲ. ಮೈನ್ ಸ್ವಿಚ್ಚೇ ಆರಿಸಿ, ಒಳಗಿನ ಪಿಟಿಸಿ (ಡೀಗಾಸ್ ಕರೆಂಟನ್ನು ಹತೋಟಿಯಲ್ಲಿಡುವ ಬಿಡಿಭಾಗ) ತಣಿಯಲು ಅರ್ಧ ಗಂಟೆ ಬಿಟ್ಟು ಮತ್ತೆ ಆನ್ ಮಾಡಿ. 'ಧುಮ್' ಅಂತ ಸದ್ದು ಬಂದರೆ ಆಯಿತು. ನನ್ನದಕ್ಕೆ ನಾಲ್ಕೈದು ಸುತ್ತು ಬೇಕಾಯಿತು. ಪಕ್ಕದಲ್ಲಿದ್ದ ಸ್ಪೀಕರ್ ಡಬ್ಬ ದೂರ ಇಟ್ಟ ಮೇಲೆ ಉಳಿದ ಕಲೆಯೂ ಹೋಯಿತು.

ಆಟದ ವಿಷಯ. ಕೆಳಗಿನ ಅಂಚಿಗೆ ಅಂಟಿಕೊಳ್ಳಬೇಡಿ, ದೊಡ್ಡ ವಿಮಾನಗಳು ಹಿಂದಿನಿಂದಲೂ ನುಗ್ಗುತ್ತವೆ. ನಮ್ಮ ವಿಮಾನ ಲಾಗ ಹಾಕಿ ತಪ್ಪಿಸಿಕೊಳ್ಳುವ ಲೂಪ್ ಇರುವುದು ಅವುಗಳಿಂದ ಪಾರಾಗಲೇ, ಗುಂಡಿಗೆ ಹೆದರಿ ಖರ್ಚು ಮಾಡಬೇಡಿ. ಕೆಂಪು ವಿಮಾನಗಳ ಸಾಲು ಪೂರ್ತಿ ಬಿದ್ದರೆ ಬಲ ಹೆಚ್ಚಿಸುವ 'ಪೌ' ಗುರುತು ಸಿಗುತ್ತದೆ, ಸರಿ. ಆದರೆ ಅಕ್ಕಪಕ್ಕ ಎರಡು ಮರಿ ವಿಮಾನ ಕೊಡುವ ಪೌ ನಾನು ಮುಟ್ಟುವುದಿಲ್ಲ. ಕಣ್ಣು ಅವುಗಳ ಹಿಂದೆ ಹೋಗುತ್ತದೆ. ಇದನ್ನು ಒಪ್ಪುವವರು ನನಗಿನ್ನೂ ಸಿಕ್ಕಿಲ್ಲ. ಅಯಾಕೊ ಅನ್ನುವ ಭಾರೀ ಬಾಂಬರ್ ವಿಮಾನ ಬಂದಾಗ ಎಲ್ಲಿ ನಿಲ್ಲುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ.

ಸೌಂಡ್ ಆರಿಸಿ ಆಡಿಯೂ ನೋಡಿದೆ. ಆ ಟಕಟಕ ಡ್ರಮ್ ನಿಂತರೆ ನನ್ನ ಬೆರಳೂ ನಿಧಾನ. ಹೆಂಡತಿಗೆ ಆ ಸದ್ದು ಬೇಡ, ನಾನು ಹೆಡ್‌ಫೋನ್ ಹಾಕಿಕೊಳ್ಳಬೇಕಂತೆ, ಅದಕ್ಕೆ ಮತ್ತೆ ಮುನ್ನೂರು.

ಈಗ 1990ರ ರೈಡನ್ ಅನ್ನುವ ಇಂಥದ್ದೇ ಇನ್ನೊಂದು ಗೇಮ್ ಹಿಡಿದಿದ್ದೇನೆ. ಅದರ ಬಾಂಬ್ ಒತ್ತಿದ ಕ್ಷಣ ಸಿಡಿಯುವುದಿಲ್ಲ, ಸಾಯುವ ಮೊದಲೇ ಒತ್ತಬೇಕು. ಮೂರನೇ ಹಂತದಾಚೆ ಹೋಗಿಲ್ಲ.