ಹಿಂದಿನ ಬ್ರೇಕ್ ಡ್ರಮ್ ಬಿಚ್ಚಬೇಕೆ? ಮೊದಲು ಸುತ್ತಿಗೆ ಕೆಳಗಿಡಿ

ಮಲ್ಪೆ ಬಂದರಿನಿಂದ ಮೀನು ಹೇರಿಕೊಂಡು ಘಟ್ಟ ಹತ್ತುವ ಪಿಕಪ್‌ಗಳಲ್ಲಿ ಮಂಜುಗಡ್ಡೆಯ ಉಪ್ಪುನೀರು ಸೋರಿ ಸೋರಿ, ಹಿಂದಿನ ಡ್ರಮ್ಮು ಬೆಸುಗೆ ಹಾಕಿದಂತೆ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಕಚ್ಚಿಕೊಂಡಿರುತ್ತದೆ. ಕೋಲಾರದ ಕಡೆ ಟೊಮೆಟೊ ಹೊರುವ ಗಾಡಿಗೆ ಅಷ್ಟು ತುಕ್ಕಿಲ್ಲ. ಆದರೆ ಒಳಗೆ ಬ್ರೇಕ್ ಹಿಡಿಯುವ ಶೂ ಉಜ್ಜಿ ಉಜ್ಜಿ ಡ್ರಮ್ಮಿನ ಬಾಯಲ್ಲಿ ಏಣು ಕಟ್ಟಿರುತ್ತದೆ. ಎರಡೂ ಡ್ರಮ್ ಜಪ್ಪಯ್ಯ ಎಂದರೂ ಬರುವುದಿಲ್ಲ, ಕಾರಣ ಮಾತ್ರ ಬೇರೆ ಬೇರೆ. ಅದನ್ನು ಪತ್ತೆ ಮಾಡದೆ ಬಡಿಯಲು ಹೊರಟರೆ ಎರಕದ ಕಬ್ಬಿಣ ಸೀಳುತ್ತದೆ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಚಕ್ರದ ಸ್ಟಡ್‌ಗಳ (ನಟ್ ಕೂರುವ ಬೋಲ್ಟ್‌ಗಳ) ಮೇಲೆ ಕೂರುವ ಡ್ರಮ್ಮಿನ ವಿಚಾರ. ಚಕ್ರದ ನಡುವೆ ದಪ್ಪ ಹಬ್ ಹೊರಚಾಚಿ, ಅದರ ಮುಖದ ಸುತ್ತ ಬೋಲ್ಟ್‌ಗಳಿದ್ದರೆ ಆಕ್ಸಲ್ ಶಾಫ್ಟನ್ನೇ ಎಳೆಯಬೇಕಾಗಬಹುದು. ಅದು ಗ್ಯಾರೇಜಿನ ಕೆಲಸ.

ಗಾಡಿ ನಿಲ್ಲಿಸುವುದು

ಲೋಡ್ ಇಳಿಸಿ, ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಡ್ರಮ್ ಬರಬೇಕಾದರೆ ಹ್ಯಾಂಡ್ ಬ್ರೇಕ್ ಪೂರ್ತಿ ಬಿಡಬೇಕು. ‘ಗೇರಿಗೆ ಹಾಕಿದ್ದೀನಲ್ಲ’ ಎಂದು ನಂಬುವವರೇ ಹೆಚ್ಚು. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಗೇರಿನ ಹಿಡಿತ ಹೋಯಿತು. ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಉರುಳುತ್ತದೆ. ಹಾಗಾಗಿ ಗಾಡಿಯನ್ನು ಹಿಡಿದಿಡುವುದು ಮುಂದಿನ ಚಕ್ರಗಳ ಹಿಂದೆ ಮುಂದೆ ಇಟ್ಟ ಗುಟ್ಟಗಳು ಮಾತ್ರ. ಸಿಕ್ಕಿದ ದುಂಡುಗಲ್ಲು ಬೇಡ, ಅಗಲವಾದ ಮರದ ತುಂಡು ಇಡಿ.

ಚಕ್ರ ನೆಲದಲ್ಲಿದ್ದಾಗಲೇ ನಟ್ ಸಡಿಲಿಸಿ, ಆಮೇಲೆ ಎತ್ತಿ. ಆಕ್ಸಲ್ ಕೊಳವೆಯ ಕೆಳಗೆ, ಪಟ್ಟಾ ಸ್ಪ್ರಿಂಗಿನ ಹತ್ತಿರ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಚಕ್ರ ತೆಗೆದು ಗೇರನ್ನು ನ್ಯೂಟ್ರಲ್‌ಗೆ ತನ್ನಿ.

ಎಲ್ಲಿ ಕಚ್ಚಿಕೊಂಡಿದೆ?

ಡ್ರಮ್ಮಿನ ಮುಖದಲ್ಲಿ ಸಣ್ಣ ಸ್ಕ್ರೂ ಇದೆಯೇ ನೋಡಿ; ತುಕ್ಕು, ಬಣ್ಣದಡಿ ಮುಚ್ಚಿಹೋಗಿರುತ್ತದೆ. ತಲೆ ಸವೆಯುವಂತಿದ್ದರೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಬೇಕು.

ಈಗ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, ಎಳೆಯಿರಿ. ತಿರುಗುವುದೇ ಇಲ್ಲವೆಂದರೆ ಶೂ ಒತ್ತಿಕೊಂಡಿದೆ, ಹ್ಯಾಂಡ್ ಬ್ರೇಕ್ ಕೇಬಲ್ ಒಳಗೇ ಜಾಮ್ ಆಗಿರಬಹುದು. ಕೇಬಲ್ಲಿನ ಅಡ್ಜಸ್ಟರ್ ನಟ್ ಸಡಿಲಿಸಿ ನೋಡಿ. ಸರಾಗವಾಗಿ ತಿರುಗಿಯೂ ಕೂದಲೆಳೆಯಷ್ಟೂ ಹೊರಬರದಿದ್ದರೆ ಹಬ್ಬಿನ ತುಕ್ಕು. ಸ್ವಲ್ಪ ಬಂದು ತಟ್ಟನೆ ನಿಂತರೆ ಶೂಗೆ ಏಣು ಅಡ್ಡ ಬಂದಿದೆ.

ತುಕ್ಕಿಗೆ ಎಣ್ಣೆ ಮತ್ತು ತಾಳ್ಮೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಹಬ್ಬಿನ ಸುತ್ತ, ಸ್ಟಡ್‌ಗಳ ಬುಡಕ್ಕೆ ಮಿತವಾಗಿ ಹೊಡೆದು ಚಹಾ ಕುಡಿದು ಬನ್ನಿ. ಅನೇಕ ಡ್ರಮ್‌ಗಳ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ ಹೊಂದುವ ಬೋಲ್ಟ್ ಹಾಕಿ ಒಮ್ಮೆ ಇದನ್ನು ಅರ್ಧ ಸುತ್ತು, ಒಮ್ಮೆ ಅದನ್ನು ಅರ್ಧ ಸುತ್ತು ಬಿಗಿಯುತ್ತಾ ಹೋದರೆ ‘ಟಕ್’ ಎಂದು ಬಿಡುತ್ತದೆ. ಸುತ್ತಿಗೆಯ ಸರದಿ ಇದಾದ ಮೇಲೆ. ಪೆಟ್ಟು ಸ್ಟಡ್‌ಗಳ ನಡುವಿನ ಚಪ್ಪಟೆ ಜಾಗಕ್ಕೆ ಬೀಳಲಿ, ಹೊರ ಅಂಚಿಗೆ ಬೇಡ. ಗ್ಯಾಸ್ ಬೆಂಕಿ ಹಿಡಿಯುವ ಅಭ್ಯಾಸ ನನಗೆ ಸರಿಕಾಣದು. ಆಕ್ಸಲ್ ಸೀಲೂ ಬೇರಿಂಗ್ ಗ್ರೀಸೂ ಹಾಳು.

ಏಣು ಅಡ್ಡ ಬಂದಿದ್ದರೆ ಬಡಿದು ಪ್ರಯೋಜನವೇ ಇಲ್ಲ, ಒಳಗಿನ ಸ್ಪ್ರಿಂಗ್, ಪಿನ್ನುಗಳು ಮುರಿಯುತ್ತವೆ. ಹಿಂಬದಿಯ ಬ್ಯಾಕ್ ಪ್ಲೇಟಿನಲ್ಲಿ ರಬ್ಬರ್ ಬಿರಡೆ ಹುಡುಕಿ ಕೀಳಿ. ಆ ಕಂಡಿಯೊಳಗೆ ಹಲ್ಲಿರುವ ಸಣ್ಣ ಚಕ್ರ ಕಾಣುತ್ತದೆ, ಅದೇ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೂ ದೂರಕ್ಕೂ ಸರಿಸುವ ಅಡ್ಜಸ್ಟರ್. ತಾನೇ ಬಿಗಿಯಾಗುವ ಬಗೆಯಾದರೆ ಒಂದು ಲಿವರ್ ಅದರ ಹಲ್ಲಿಗೆ ಕೊಕ್ಕೆಯಂತೆ ಕೂತಿರುತ್ತದೆ. ತೆಳು ಸ್ಕ್ರೂಡ್ರೈವರಿನಿಂದ ಲಿವರನ್ನು ಹಲ್ಲಿನಿಂದ ಸರಿಸಿ ಹಿಡಿದು, ಇನ್ನೊಂದರಿಂದ ಹಲ್ಲುಗಳನ್ನು ಒಂದೊಂದಾಗಿ ಮೀಟಿ. ಡ್ರಮ್ ಇನ್ನಷ್ಟು ಬಿಗಿಯಾದರೆ ದಿಕ್ಕು ತಪ್ಪಿದೆ, ತಿರುವುಮುರುವು ಮಾಡಿ.

ಬಿಚ್ಚಿದ ಮೇಲೆ

ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಶೂ ಮೇಲಿನ ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಶ್ವಾಸಕೋಶಕ್ಕೆ ಹೊಕ್ಕರೆ ಅಪಾಯ. ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯಕೂಡದು, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಜಿಗಿಯುತ್ತದೆ.

ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿ ನೋಡಿ. ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರಿಕೆ. ಆಕ್ಸಲ್ ಕಡೆಯಿಂದ ಕಪ್ಪು ದಪ್ಪ ಎಣ್ಣೆ ಇಳಿದಿದ್ದರೆ ಸೀಲ್ ಹೋಗಿದೆ. ಎಣ್ಣೆ ಕುಡಿದ ಶೂ ತೊಳೆದು ಹಾಕುವುದು ಬೇಡ, ಎರಡೂ ಬದಿಯದನ್ನು ಬದಲಿಸಿ. ಆದರೆ ಒಮ್ಮೆಗೆ ಒಂದೇ ಬದಿ ಬಿಚ್ಚಿ, ಯಾವ ಸ್ಪ್ರಿಂಗ್ ಎಲ್ಲಿತ್ತೆಂದು ಇನ್ನೊಂದು ಬದಿ ತೋರಿಸುತ್ತದೆ. ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸ ಅಚ್ಚಾಗಿದ್ದರೆ ಅದನ್ನು ಮೀರಿ ಲೇತ್ ಹಿಡಿಸಬೇಡಿ.

ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಡ್ರಮ್ ತುಸುವೇ ಉಜ್ಜಿಕೊಂಡು ತಿರುಗುವಷ್ಟು ಅಡ್ಜಸ್ಟರ್ ಬಿಗಿಯಿರಿ. ನಟ್‌ಗಳನ್ನು ಎದುರುಬದುರು ಬಿಗಿದು, ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಖಾಲಿ ಗಾಡಿಯಲ್ಲೇ ನಿಧಾನಕ್ಕೆ ಬ್ರೇಕ್ ಹಾಕಿ ನೋಡಿ. ಮೊದಲ ಲೋಡ್ ಇಳಿಸಿದ ಮೇಲೆ ವೀಲ್ ಪಾನ ಹಿಡಿದು ನಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ.